ಗರಡಿ ಪುಟದ ಖಾಲಿ ಜಾಗ

ಕೊಟ್ಟೂರಿನಲ್ಲಿ ದಾದಾಪೀರ್ ಎಂಬ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಹಾಗಾಗಿ ಯಾರಾದರೂ ಆ ಹೆಸರು ಹೇಳಿ ಮನೆ ಕೇಳಿದರೆ ಜನ ಮೊದಲು ಕಿವಿಯ ವಿಚಾರ ಎತ್ತುತ್ತಿದ್ದರು. ಕಿವಿ ಸರಿಯಾಗಿದ್ದರೆ ಟೈರಿನ ಅಂಗಡಿಯವನು, ಇಲ್ಲವೇ ಬಳೆ ಮಾರುವವನು. ಎರಡೂ ಕಿವಿ ಹಿಂಡಿ ಬಿಟ್ಟ ಬಟ್ಟೆಯಂತೆ ಮುದುಡಿದ್ದರೆ ಅವನೇ ನಾನು ಹೇಳಹೊರಟ ದಾದಾಪೀರ್. ಒಂದು ಕಾಲಕ್ಕೆ ಕೆಳಗಿನ ಗರಡಿಯ ಪೈಲ್ವಾನ. ಆಮೇಲೆ ಅಸ್ಲಮನ ಸೈಬರ್ ಸೆಂಟರಿನ ಮೂಲೆಯಲ್ಲಿ ಕೂತು ವೆಬ್‌ಸೈಟ್ ಮಾಡಲು ಕಲಿತವನು. ಈ ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಊರಿನವರೂ ಕೇಳಿದರು. ಉತ್ತರ ಬರುವಷ್ಟರಲ್ಲಿ ಹಲ್ಲು ಮುರಿದಿದ್ದವು, ಮೂಳೆ ಮುರಿದಿತ್ತು.

ಕಿವಿ ಮುದುಡಿದ್ದು ಮಟ್ಟಿಯಲ್ಲಿ. ಎಣ್ಣೆ, ಅರಿಶಿನ, ಮಜ್ಜಿಗೆ ಸುರಿದು ಹದ ಮಾಡಿದ ಗರಡಿಯ ಕೆಂಪು ಮಣ್ಣಿಗೆ ಮಟ್ಟಿ ಎನ್ನುತ್ತಾರೆ. ಆ ಮಟ್ಟಿಗೆ ದಾದಾಪೀರನನ್ನು ಇಳಿಸಿದವರು ಹುಲುಗಪ್ಪ ಉಸ್ತಾದರು. ಕಪ್ಪಗೆ, ಗಿಡ್ಡಗೆ, ಬಂಡೆಯಂಥ ಮನುಷ್ಯ. ಮಕ್ಕಳಿರಲಿಲ್ಲ. ತಂದೆ ಇಲ್ಲದ ದಾದಾಪೀರನನ್ನು ಅವರು ಬೆತ್ತದಿಂದ ಹೊಡೆದರು, ಕಾಲಿನಿಂದ ಒದ್ದರು, ಕುತ್ತಿಗೆಯ ಮೇಲೆ ನಿಂತು ಸಾಮು ಮಾಡಿಸಿದರು. ಮನೆಗೆ ಕರೆದುಕೊಂಡು ಹೋಗಿ ಹೆಂಡತಿ ದ್ಯಾಮಕ್ಕನ ಕೈಯಿಂದ ಜೋಳದ ರೊಟ್ಟಿ, ಬೆಣ್ಣೆ ತಿನ್ನಿಸಿದರು. ಬೈಗುಳವಿಲ್ಲದೆ ಅವರ ಬಾಯಿಂದ ಪಾಠವೇ ಬರುತ್ತಿರಲಿಲ್ಲ. ಶಿಷ್ಯ ಒಂದು ಪಟ್ಟು ಸರಿಯಾಗಿ ಹಾಕಿದರೂ ಅದರೊಳಗಿನ ತಪ್ಪು ಹುಡುಕಿ ಬೈಯುವರು. ಅದೇ ಅವರ ಪ್ರೀತಿ ಎಂದು ಶಿಷ್ಯರಿಗೆಲ್ಲ ಗೊತ್ತಿತ್ತು.

ತೊಂಬತ್ತಾರನೇ ಇಸವಿ. ಹರಪನಹಳ್ಳಿಯಲ್ಲಿ ಬೆಳ್ಳಿ ಕಡಗದ ಕುಸ್ತಿ ಇತ್ತು. ದಾದಾಪೀರನ ಬಲಭುಜ ಆಗಲೇ ಉಳುಕಿತ್ತು. ಹೋಗಬೇಡ ಎಂದು ಉಸ್ತಾದರು ಹೇಳಿದ್ದರು. ಅವರು ಬೇರೆ ಊರಿಗೆ ಹೋದ ಸಮಯ ನೋಡಿ ಇವನು ಬಸ್ ಹತ್ತಿದ. ಅಲ್ಲಿ ಎದುರಿಗೆ ಬಂದವನು ದಾವಣಗೆರೆ ಕಡೆಯ ಹಳೇ ಹುಲಿ. ಉಳುಕಿದ ಭುಜವನ್ನು ಕೈ ಕೂಡಿಸುವಾಗಲೇ ಪತ್ತೆ ಹಚ್ಚಿದ. ತೋಳನ್ನು ಬೆನ್ನ ಹಿಂದೆ ತಿರುಗಿಸಿ, ಮೊಣಕಾಲನ್ನು ಭುಜದ ಮೇಲೆ ಊರಿ, ಇಡೀ ಮೈಭಾರ ಬಿಟ್ಟ. ಹಲಗೆ ಬಾರಿಸುವವರ ಸದ್ದಿನ ನಡುವೆಯೂ ಮೂಳೆ ಮುರಿದದ್ದು ಮುಂದಿನ ಸಾಲಿನವರಿಗೆ ಕೇಳಿಸಿತಂತೆ.

ಸುದ್ದಿ ತಿಳಿದು ಉಸ್ತಾದರು ಓಡಿ ಬಂದರು. ಟೆಂಪೋದ ಹಿಂದೆ ಕೂತು, ದಾರಿಯುದ್ದಕ್ಕೂ ಆ ತೋಳನ್ನು ತಮ್ಮ ತೊಡೆಯ ಮೇಲೆ ಅಲುಗದಂತೆ ಹಿಡಿದುಕೊಂಡು ಬಂದರು. ಮೂಳೆ ಕೂಡಿಸುವವನ ಮನೆ ಬಾಗಿಲಲ್ಲಿ ಇಳಿಸಿ ಒಂದೇ ಮಾತು ಹೇಳಿದರು.

"ನನ್ನ ಮಾತು ನಿನಗ ಬ್ಯಾಡಾತು. ಇನ್ನ ಮಾತೇ ಬ್ಯಾಡ."

ಅಲ್ಲಿಂದ ಎಂಟು ವರ್ಷ ಅವರು ಇವನೊಡನೆ ಮಾತಾಡಲಿಲ್ಲ. ಬೀದಿಯಲ್ಲಿ ಎದುರಾದರೆ ಗೋಡೆಯನ್ನು ನೋಡಿದಂತೆ ನೋಡಿ ಹೋಗುವರು. ಶನಿವಾರ ಗರಡಿಯ ಹನುಮಪ್ಪನಿಗೆ ಕಾಯಿ ಒಡೆಸಲು ಇವನು ಹೋದರೆ ಬೇಡ ಎನ್ನುತ್ತಿರಲಿಲ್ಲ, ಬಾ ಎನ್ನುತ್ತಲೂ ಇರಲಿಲ್ಲ. ಅವರು ಒಂದು ಸಲ ಬಾಯಿ ತುಂಬ ಬೈದರೆ ಸಾಕು ಎಂದು ದಾದಾಪೀರ್ ಕಾಯುತ್ತಿದ್ದ. ಅವನ ತಾಯಿ ಜಾನಬಿ ನಗುತ್ತಿದ್ದಳು. ಬೇರೆಯವರ ಮಕ್ಕಳು ನೌಕರಿಗೆ ಕಾಯುತ್ತಾರೆ, ನನ್ನ ಮಗ ಬೈಗುಳಕ್ಕೆ ಕಾಯುತ್ತಾನೆ ಎನ್ನುವಳು.

ಭುಜ ಕೂಡಿತು, ಆದರೆ ಸೊಟ್ಟಗೆ. ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಸೋದರಮಾವನ ಮಗ ಅಸ್ಲಂ ಕರೆದು ತನ್ನ ಸೆಂಟರಿನಲ್ಲಿ ಕೂರಿಸಿದ. ಮದುವೆ ಕಾರ್ಡು ಟೈಪು ಮಾಡುತ್ತ ಮಾಡುತ್ತ ದಾದಾಪೀರನಿಗೆ ವೆಬ್‌ಸೈಟಿನ ಹುಚ್ಚು ಹಿಡಿಯಿತು. ದಾವಣಗೆರೆಗೆ ಓಡಾಡಿ ಕಲಿತು ಬಂದ. ಕಲಿತದ್ದನ್ನೆಲ್ಲ ಅವನು ಕುಸ್ತಿಯ ಲೆಕ್ಕದಲ್ಲೇ ಅರ್ಥ ಮಾಡಿಕೊಂಡ. ಮಟ್ಟಿಗೆ ಬಂದವನನ್ನು ಮೊದಲ ನೋಟದಲ್ಲೇ ಅಳೆಯುತ್ತೇವಲ್ಲ, ಪುಟ ತೆರೆದವನೂ ಹಾಗೇ ಅಳೆಯುತ್ತಾನೆ ಎನ್ನುವನು. ಇದು ಏನು, ಇಲ್ಲಿ ನನಗೆ ಏನು ಸಿಗುತ್ತದೆ, ಯಾವ ಕಡೆಗೆ ಹೋಗಬೇಕು. ಅಷ್ಟು ತಿಳಿಯದಿದ್ದರೆ ಎದ್ದು ಹೋಗುತ್ತಾನೆ. ಆಗ ಫೋನಿನ ತಂತಿಯಲ್ಲಿ ಇಂಟರ್‌ನೆಟ್ ತೊಟ್ಟಿಕ್ಕುತ್ತಿದ್ದ ಕಾಲ. ಭಾರದ ಚಿತ್ರ ತುಂಬಿದ ಪುಟವೆಂದರೆ ಹೊಟ್ಟೆ ಬಿರಿಯ ಉಂಡು ಕುಸ್ತಿಗೆ ಬಂದವನಂತೆ, ಏಳಲಾರದು. ಒಂದು ಪುಟದಲ್ಲಿ ಎಡಗಡೆ ಇಟ್ಟ ಬಾಗಿಲನ್ನು ಇನ್ನೊಂದರಲ್ಲಿ ಬಲಗಡೆ ಇಟ್ಟರೆ ಬಂದವನು ಗೋಡೆಗೆ ಹಣೆ ಬಡಿದುಕೊಳ್ಳುತ್ತಾನೆ. ಎಲ್ಲಕ್ಕಿಂತ ದೊಡ್ಡ ಮಾತು, ಕಣ್ಣು ಮೊದಲು ಒಂದೇ ಕಡೆ ಹೋಗಬೇಕು. ಸುತ್ತ ಜಾಗ ಬಿಟ್ಟರೆ ಮಾತ್ರ ಅದು ಸಾಧ್ಯ.

ಈ ಕೊನೆಯ ಮಾತನ್ನು ನಮ್ಮ ಕಡೆ ಯಾರೂ ಒಪ್ಪುತ್ತಿರಲಿಲ್ಲ. ಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರು ಪುಟ ಮಾಡಿಸಲು ಬಂದು, ಅಕ್ಷರ ಮಿನುಗಬೇಕು, ಹೂವು ಗಿರಗಿರ ತಿರುಗಬೇಕು, ನಾಲ್ಕು ಮೂಲೆಗೂ ನಾಲ್ಕು ದೇವರು ಬೇಕು ಎಂದು ಹಟ ಹಿಡಿದರು. ಹೂವು ತಿರುಗಿತು. ಪುಟ ತೆರೆಯಲು ಹಿಡಿದ ಹೊತ್ತಿನಲ್ಲಿ ಅವರ ಬುಟ್ಟಿಯ ಮಲ್ಲಿಗೆಯೇ ಬಾಡಿತು ಎಂದು ಅಸ್ಲಂ ಹೇಳಿಕೊಂಡು ನಗುತ್ತಿದ್ದ.

ಎರಡು ಸಾವಿರದ ನಾಲ್ಕು. ಊರಿನ ಎರಡೂ ಗರಡಿಗಳು ಸೇರಿ ದೊಡ್ಡ ಕುಸ್ತಿ ನಡೆಸುವುದೆಂದು ನಿರ್ಧಾರವಾಯಿತು. ದೂರದ ಪೈಲ್ವಾನರು ಬರಬೇಕಾದರೆ ವೆಬ್‌ಸೈಟ್ ಬೇಕು ಎಂದು ಯಾರೋ ಹೇಳಿದರು. ಕೆಲಸ ದಾದಾಪೀರನಿಗೆ ಬಂತು. ಹುಲುಗಪ್ಪ ಉಸ್ತಾದರು ಬೇಡ ಎನ್ನಲಿಲ್ಲ ಎಂಬುದೇ ಅವನಿಗೆ ಹಬ್ಬ. ಈ ಪುಟ ನೋಡಿಯಾದರೂ ಅವರು ಒಂದು ಮಾತು ಆಡಬಹುದು ಎಂದುಕೊಂಡ.

ಅವನು ಮಾಡಿದ ಮೊದಲ ಪುಟ ಹೀಗಿತ್ತು. ಎಡತುದಿಯಲ್ಲಿ ತೊಡೆ ತಟ್ಟಿ ನಿಂತ ಒಬ್ಬ ಪೈಲ್ವಾನ. ಮೇಲಿನ ಗರಡಿಯ ಮೌನೇಶ್. ಗುಡೇಕೋಟೆಯಿಂದ ಬಂದು ನೆಲೆಸಿದ ಎತ್ತರದ ಹುಡುಗ. ಸ್ಟುಡಿಯೋದಲ್ಲಿ ತೆಗೆಸಿದ ಒಳ್ಳೆಯ ಚಿತ್ರ ಇದ್ದದ್ದು ಅವನದು ಮಾತ್ರ. ಅವನ ಕಣ್ಣು ಬಲಕ್ಕೆ ನೋಡುತ್ತಿತ್ತು. ಆ ಬಲಕ್ಕೆ ಏನೂ ಇಲ್ಲ, ಬರೀ ಮಟ್ಟಿಯ ಬಣ್ಣ. ಅದರ ಕೆಳಗೆ ಊರು, ದಿನ, ಫೋನ್ ನಂಬರು.

ಇನ್ನು ಗರಡಿಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ರಕ್ತ ನಿಮಗೆ ಅರ್ಥವಾಗುವುದಿಲ್ಲ. ಕೆಳಗಿನ ಗರಡಿಯ ಒಳಗೋಡೆಯ ಮೇಲೆ ತೀರಿಹೋದ ಉಸ್ತಾದರ ಚಿತ್ರಗಳ ಸಾಲಿದೆ. ಅವರಲ್ಲಿ ಯಾರಾದರೂ ಗರಡಿಯ ಮಾನ ಕಳೆದದ್ದು ಗೊತ್ತಾದರೆ ಚಿತ್ರ ಇಳಿಸುತ್ತಾರೆ. ಮೊಳೆ ಕೀಳುವುದಿಲ್ಲ, ಆ ಜಾಗದಲ್ಲಿ ಬೇರೆ ಚಿತ್ರ ಹಾಕುವುದಿಲ್ಲ. ಹೊಸದಾಗಿ ಬಂದವನು ಇಲ್ಲಿ ಯಾಕೆ ಖಾಲಿ ಎಂದು ಕೇಳಬೇಕು, ಹಳಬನು ಹೇಳಬೇಕು. ಹಾಗೆ ಅವಮಾನ ತಲೆಮಾರಿಗೆ ದಾಟಬೇಕು. ಆ ಸಾಲಿನಲ್ಲಿ ಇದ್ದದ್ದು ಒಂದೇ ಖಾಲಿ ಮೊಳೆ. ಅದು ಹುಲುಗಪ್ಪ ಉಸ್ತಾದರ ತಂದೆಯದು. ಹಿರೇಹಡಗಲಿಯ ಗೌಡನೊಬ್ಬನ ಮಾತಿಗೆ ಕಟ್ಟುಬಿದ್ದು ಆತ ಬೇಕೆಂದೇ ಸೋತು ಬೆನ್ನು ಮಣ್ಣಿಗೆ ಹಚ್ಚಿದ್ದನಂತೆ. ಸತ್ತ ಮೇಲೆ ಅದು ಬಯಲಾಯಿತು. ಚಿತ್ರವನ್ನು ಇಳಿಸಿದ್ದು ಮೀಸೆ ಮೂಡುವ ವಯಸ್ಸಿನ ಮಗ ಹುಲುಗಪ್ಪನೇ.

ಈ ಮೊಳೆಯ ಕೆಳಗೇ ದಾದಾಪೀರ್ ಹತ್ತು ವರ್ಷ ಬೆವರು ಸುರಿಸಿದವನು. ಆದರೂ ಕಂಪ್ಯೂಟರಿನ ಮುಂದೆ ಕೂತಾಗ ಅವನಿಗೆ ಅದು ಹೊಳೆಯಲಿಲ್ಲ. ಅವನ ಕಣ್ಣಿಗೆ ಪುಟದ ಆ ಖಾಲಿ ಜಾಗ ಮಟ್ಟಿಯಾಗಿ ಕಂಡಿತು.

ಪುಟ ತೆರೆದ ದಿನವೇ ಮೌನೇಶ್ ಸೆಂಟರಿಗೆ ಬಂದು ತನ್ನ ಚಿತ್ರ ನೋಡಿ ಹಿಗ್ಗಿ, ಪ್ರಿಂಟ್ ತೆಗೆಸಿಕೊಂಡು ಹೋದ. ಪ್ರಿಂಟಿನಲ್ಲಿ ಹಿನ್ನೆಲೆಯ ಬಣ್ಣ ಬರುವುದಿಲ್ಲ. ಮಟ್ಟಿ ಇದ್ದ ಜಾಗ ಬೆಳ್ಳಗೆ ಬೋಳಾಗಿ ಬಂತು. ಅದನ್ನು ಅವನು ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯ ಗೋಡೆಗೆ ಅಂಟಿಸಿದ. ಮೇಲಿನ ಗರಡಿಯವನು ಒಬ್ಬನೇ ಇದ್ದಾನೆ, ಪಕ್ಕದಲ್ಲಿ ಕೆಳಗಿನ ಗರಡಿಯವರ ಜಾಗ ಖಾಲಿ ಯಾಕೆ ಎಂದು ಅಲ್ಲಿ ಕೂತವರೊಬ್ಬರು ಕೇಳಿದರು. ಮೌನೇಶ್ ಚಹಾ ಹೀರುತ್ತ ಹೇಳಿದ:

"ಆ ಮನಿಗೆ ಖಾಲಿ ಜಾಗ ಹೊಸದೇನಲ್ಲ ಬಿಡ್ರಿ. ಒಂದು ಮೊಳಿ ಐತಿ, ಇನ್ನೊಂದು ಹೊಡೀಲಿ."

ಆ ಮಾತು ಕೆಳಗಿನ ಗರಡಿ ಮುಟ್ಟಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಹುಡುಗರು ಸಾಮು ಬಿಟ್ಟು, ಮೈ ಮಣ್ಣಿನಲ್ಲೇ, ಲಂಗೋಟಿಯ ಮೇಲೆ ಲುಂಗಿ ಸುತ್ತಿಕೊಂಡು ಹೊರಟರು. ಮೊದಲು ಬಂದದ್ದು ಸೆಂಟರಿಗೆ. ಒಬ್ಬ ಕರೇಲಿಯನ್ನು, ಸಾಮಿನಲ್ಲಿ ತಿರುಗಿಸುವ ಮರದ ಗದೆಯನ್ನು, ಬೀಸಿ ಕಂಪ್ಯೂಟರಿನ ಗಾಜು ಒಡೆದ. ಅದು ಪಟಾಕಿಯಂತೆ ಸಿಡಿದು ಚೂರುಗಳು ಅಸ್ಲಮನ ಕೆನ್ನೆಗೆ ನೆಟ್ಟವು. ಇನ್ನೊಬ್ಬ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದು, ಪುಟ ಹರಿದು ಹಾಕು ಎಂದ. ಅಸ್ಲಂ ಬಾಯಿಯ ರಕ್ತ ಉಗುಳಿ ಹೇಳಿದ:

"ಲೇ, ಅದು ಇಲ್ಲಿ ಇಲ್ಲಲೇ. ಅದು ಇರೋದು ಅಮೇರಿಕದ ಕಂಪ್ಯೂಟರಿನ್ಯಾಗ."

"ಅಮೇರಿಕದಾಗೂ ಖಾಲಿ ಬಿಟ್ಟೀರೇನಲೇ?" ಎಂದು ಅವನಿಗೆ ಇನ್ನೆರಡು ಬಿದ್ದವು.

ದಾದಾಪೀರ್ ಅಡ್ಡ ಬಂದ. ಎಡಗೈಯಲ್ಲಿ ಒಬ್ಬನನ್ನು ಎತ್ತಿ ಬೀದಿಗೆ ಎಸೆದ. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಸೈಕಲ್ ಚೈನು ಬೆನ್ನಿನ ಮೇಲೆ ಬರೆ ಎಳೆಯಿತು. ತಾನು ಕೈ ಹಿಡಿದು ಮಟ್ಟಿಗೆ ಇಳಿಸಿದ ಹುಡುಗನೇ ಕುರ್ಚಿಯ ಕಾಲು ಮುರಿದು ಅವನ ತಲೆಗೆ ಹಾಕಿದ. ಅವನು ಬಿದ್ದ ಮೇಲೆ ಗುಂಪು ಬಸ್ ಸ್ಟ್ಯಾಂಡಿಗೆ ಹೋಯಿತು. ಅಲ್ಲಿ ಮೌನೇಶನ ಕಡೆಯವರು ಕಾದಿದ್ದರು. ಬಸ್ಸಿನ ಗಾಜು, ಚಹಾದ ಗ್ಲಾಸು, ಬೆಂಚಿನ ಹಲಗೆ, ಕೈಗೆ ಸಿಕ್ಕಿದ್ದೆಲ್ಲ ಆಯುಧವಾಯಿತು. ಹೂ ಮಾರುವ ಹಂಪಕ್ಕ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ಕಂಬದ ಹಿಂದೆ ಕೂತಳು. ಮೌನೇಶನ ಮುಂದಿನ ಹಲ್ಲುಗಳು ಹೋದವು. ಕೆಳಗಿನ ಗರಡಿಯ ಹುಡುಗನೊಬ್ಬನ ಮೊಣಕೈ ಹಿಂದುಮುಂದಾಯಿತು. ಪೊಲೀಸ್ ಜೀಪು ಬಂದಾಗ ನೆಲದ ಮೇಲೆ ಬಿದ್ದದ್ದು ಕೆಂಪು ಸೇವಂತಿಗೆ ಹೂವೋ ರಕ್ತವೋ ತಿಳಿಯದಂತೆ ಕಲೆತಿತ್ತು.

ಮರುದಿನ ಬೆಳಗ್ಗೆ ಹಿರಿಯರು ಕೆಳಗಿನ ಗರಡಿಯಲ್ಲಿ ಕೂತರು. ತಲೆಗೆ ಹೊಲಿಗೆ ಹಾಕಿಸಿ ಬಟ್ಟೆ ಸುತ್ತಿಕೊಂಡ ದಾದಾಪೀರನನ್ನು ಕರೆಸಿದರು. ಅವರ ತೀರ್ಪು ಸರಳವಾಗಿತ್ತು. ಇಂದೇ ಆ ಖಾಲಿ ಜಾಗದಲ್ಲಿ ಹುಲುಗಪ್ಪ ಉಸ್ತಾದರ ಚಿತ್ರ ಹಾಕು, ಎಲ್ಲ ಮುಗಿಯುತ್ತದೆ. ಉಸ್ತಾದರು ಹನುಮಪ್ಪನ ಕಟ್ಟೆಯ ಮೇಲೆ, ತಂದೆಯ ಮೊಳೆಗೆ ಬೆನ್ನು ಹಾಕಿ ಕೂತಿದ್ದರು. ಮುಖ ಕಲ್ಲಾಗಿತ್ತು.

ದಾದಾಪೀರ್ ಹಾಕುವುದಿಲ್ಲ ಎಂದ. ಸುತ್ತ ನಿಂತವರು ಮುನ್ನುಗ್ಗಿದರು. ಹಿರಿಯರು ತಡೆದು, ಯಾಕೆ ಎಂದು ಕೇಳಿದರು.

"ಅದು ಅವಮಾನ ಅಂತ ನಾ ಬಿಟ್ಟ ಜಾಗ ಅಲ್ಲರಿ," ಎಂದ ದಾದಾಪೀರ್. "ಈಗ ಹೆದರಿ ಅದನ್ನ ತುಂಬಿದ್ರ, ಹೌದು, ಅವಮಾನ ಮಾಡಿದ್ದೆ ಅಂತ ನಾನೇ ಒಪ್ಪಿದಂಗ ಆಗ್ತೈತಿ. ಉಸ್ತಾದ್ರಿಗೆ ನಾ ಅವಮಾನ ಮಾಡಿಲ್ಲ. ಮಾಡೂದೂ ಇಲ್ಲ."

ಉಸ್ತಾದರು ಅವನ ಕಡೆ ತಿರುಗದೆ, ಎದುರಿಗಿದ್ದ ಮಟ್ಟಿಗೆ ಹೇಳುವಂತೆ ಹೇಳಿದರು: "ಶುಕ್ರವಾರ ಮುಂಜಾನಿ ಮಟ್ಟಿಗೆ ಇಳೀಲಿ."

ಗರಡಿಯೊಳಗಿನ ತಕರಾರು ಮಾತಿನಲ್ಲಿ ಮುಗಿಯದಿದ್ದರೆ ಮಟ್ಟಿಯಲ್ಲಿ ಮುಗಿಯಬೇಕು, ಅದೂ ಒಂದು ಪದ್ಧತಿ. ಯಾರಿಗೆ ನೋವಾಗಿದೆಯೋ ಅವರೇ ಇಳಿಯಬೇಕು, ಬದಲಿಗೆ ಇನ್ನೊಬ್ಬರು ಇಳಿಯುವಂತಿಲ್ಲ. ಅಂದರೆ ಅರವತ್ತು ದಾಟಿದ ಉಸ್ತಾದರು, ಎದುರಿಗೆ ಒಂದೇ ಭುಜದ ಶಿಷ್ಯ. ದಾದಾಪೀರ್ ಬಿದ್ದರೆ ಜಾಗ ತುಂಬಬೇಕು. ಉಸ್ತಾದರು ಬಿದ್ದರೆ ಅದು ಹಾಗೇ ಉಳಿಯುತ್ತದೆ.

ಮರುದಿನ ದ್ಯಾಮಕ್ಕ ಜಾನಬಿಯ ಮನೆಗೆ ಬಂದಳು. ಸೆರಗಿನಲ್ಲಿ ಬೆಣ್ಣೆಯ ಮುದ್ದೆ ತಂದಿದ್ದಳು. ಬೆನ್ನಿನ ಬರೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ ದಾದಾಪೀರ್ ಎದ್ದು ಕೂತ.

"ಬಿದ್ದುಬಿಡಪ್ಪ," ಎಂದಳು ದ್ಯಾಮಕ್ಕ. "ವಯಸ್ಸಾಗೇತಿ ಅವರಿಗೆ. ಮೆಟ್ಲ ಹತ್ತಿದ್ರ ಏದುಸಿರು ಬಿಡ್ತಾರ."

"ಇವಗ್ಯಾಕ ಹೇಳ್ತಿ ಅಕ್ಕ," ಎಂದಳು ಜಾನಬಿ. "ಹೋಗಬ್ಯಾಡ ಅಂತ ನಿನ್ನ ಗಂಡ ಹೇಳಿದ್ದ ಕೇಳ್ಲಿಲ್ಲ, ನಾ ಹೇಳಿದ್ದಂತೂ ಹುಟ್ಟಿದಾಗಿಂದ ಕೇಳಿಲ್ಲ."

ದಾದಾಪೀರ್ ದ್ಯಾಮಕ್ಕನ ಕಡೆ ತಿರುಗಿ ಹೇಳಿದ:

"ಅವ್ವ, ನಾ ಬೇಕಂತ ಬಿದ್ರ ಅವರಿಗೆ ತಿಳಿಯಂಗಿಲ್ಲೇನು? ಅವರಪ್ಪ ಬಿದ್ದಂಗ ಅವರ ಶಿಷ್ಯನೂ ಬಿದ್ದ ಅಂದ್ರ ಅವರು ಬದುಕ್ಯಾರೇನು?"

ದ್ಯಾಮಕ್ಕ ಬೆಣ್ಣೆಯ ಮುದ್ದೆಯನ್ನು ಅವನ ಕೈಗೆ ಇಟ್ಟು, ತಿನ್ನು ಎಂದು ಹೇಳಿ ಹೊರಟುಹೋದಳು. ಅವನು ಅದನ್ನು ತಿನ್ನಲಾರದೆ ತಿಂದ.

ಶುಕ್ರವಾರ ಬೆಳಗಿನ ಬಿಸಿಲು ಗರಡಿಯ ಕಿಂಡಿಯಿಂದ ಮಟ್ಟಿಗೆ ಬಿದ್ದಿತ್ತು. ಎರಡೂ ಗರಡಿಯವರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಉಸ್ತಾದರು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಒಂದು ಹಿಡಿ ಮಣ್ಣನ್ನು ಶಿಷ್ಯನ ಎದೆಗೆ ಎರಚಿದರು. ಕುಸ್ತಿ ಶುರುವಾಯಿತು.

ಮುದುಕರೆಂದು ಕನಿಕರ ಪಟ್ಟವರು ಆ ಕ್ಷಣವೇ ಉಸಿರು ಬಿಗಿ ಹಿಡಿದರು. ಉಸ್ತಾದರು ನೇರವಾಗಿ ಮುರಿದ ಭುಜಕ್ಕೆ ಕೈ ಹಾಕಿದರು. ಹೆಬ್ಬೆರಳನ್ನು ಹಳೇ ಗಾಯದ ಸಂದಿಗೆ ತುರುಕಿ ತಿರುಚಿದರು. ದಾದಾಪೀರನ ಕಣ್ಣು ಕತ್ತಲಾಯಿತು. ಕುತ್ತಿಗೆ ಹಿಡಿದು ಎಳೆದು ಮುಖವನ್ನು ಮಣ್ಣಿಗೆ ತಿಕ್ಕಿದರು. ತಲೆಯ ಹೊಲಿಗೆ ಬಿಚ್ಚಿ ರಕ್ತ ಕಣ್ಣಿಗೆ ಇಳಿಯಿತು. ಅವನು ಬಾಯಿಯ ಮಣ್ಣು ಉಗುಳಿ, ಮಗ್ಗುಲು ಹೊರಳಿ ತಪ್ಪಿಸಿಕೊಂಡ. ಎದ್ದು ನಿಲ್ಲುವಷ್ಟರಲ್ಲಿ ಮೊಣಕೈ ಪಕ್ಕೆಗೆ ಬಡಿಯಿತು. ಮತ್ತೆ ಅದೇ ಭುಜ, ಮತ್ತೆ ಅದೇ ಸಂದಿ. ಒಂದು ಸಲ ಇವನ ಬೆನ್ನು ಮಣ್ಣಿಗೆ ಹತ್ತಿತು ಎಂದು ಜನ ಕೂಗಿದರು. ಆದರೆ ಅವನು ಅಂಗೈಯಷ್ಟು ಎತ್ತರದಲ್ಲಿ ಕತ್ತಿನ ಮೇಲೆ ಮೈ ಎತ್ತಿ ನಿಲ್ಲಿಸಿಕೊಂಡಿದ್ದ. ಆ ಕತ್ತನ್ನು ಗಟ್ಟಿ ಮಾಡಿದ್ದು ಉಸ್ತಾದರ ಕಾಲೇ.

ಇಬ್ಬರಿಗೂ ಏದುಸಿರು ಬಂದಿತ್ತು. ಉಸ್ತಾದರು ಮತ್ತೆ ಬಲಭುಜಕ್ಕೆ ಬಂದರು. ಈ ಸಲ ದಾದಾಪೀರ್ ಭುಜವನ್ನು ಎಳೆದುಕೊಳ್ಳದೆ ಅವರಿಗೆ ಕೊಟ್ಟ. ನೋವಿಗೆ ಕಿರುಚಿಕೊಂಡ. ಕಿರುಚುತ್ತಲೇ ಎಡಗೈಯಿಂದ ಅವರ ತೋಳು ಹಿಡಿದು, ತಿರುಗಿ, ಬೆನ್ನು ಬಗ್ಗಿಸಿ, ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ಅವರನ್ನು ಬೆನ್ನ ಮೇಲಿಂದ ಎತ್ತಿ ಒಗೆದ. ಧೋಬಿ ಪಟ್ಟು. ಉಸ್ತಾದರು ಅಂಗಾತ ಬಿದ್ದರು. ಒಣ ಜಾಲಿಯ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವರ ಕೊರಳ ಕೆಳಗಿನ ಮೂಳೆ ಚರ್ಮವನ್ನು ಒಳಗಿನಿಂದ ಡೇರೆಯಂತೆ ಎತ್ತಿ ನಿಂತಿತು.

ಗರಡಿಯ ಹುಡುಗರಿಗೆ ಹುಚ್ಚು ಹಿಡಿಯಿತು. ಮಟ್ಟಿಗೆ ಹಾರಿ ದಾದಾಪೀರನನ್ನು ಕೆಡವಿ ತುಳಿದರು. ಅವನು ಕೈ ಎತ್ತಲಿಲ್ಲ. ಹೊಟ್ಟೆಗೆ, ಬೆನ್ನಿಗೆ, ಮುಖಕ್ಕೆ ಒದೆ ಬೀಳುತ್ತಿದ್ದರೂ ಕಣ್ಣು ಉಸ್ತಾದರ ಮೇಲೇ ಇತ್ತು.

"ಬಿಡ್ರಲೇ." ಮಣ್ಣಿನ ಮೇಲಿಂದ ಉಸ್ತಾದರ ದನಿ ಬಂತು. "ಬಿದ್ದವ ನಾನು. ನ್ಯಾಯವಾಗಿ ಬಿದ್ದೀನಿ. ಇನ್ನೊಂದು ಏಟು ಬಿದ್ರ ಈ ಗರಡಿ ಬಾಗಲ ಮುಚ್ಚಸ್ತೀನಿ."

ಹುಡುಗರು ಹಿಂದೆ ಸರಿದರು. ಮೌನೇಶ್ ಊದಿದ ಬಾಯಿ ಹೊತ್ತು ಬಂದು, ಉಸ್ತಾದರನ್ನು ಎತ್ತಲು ಮೊದಲ ಕೈ ಹಾಕಿದ. ಚಹಾ ಅಂಗಡಿಯ ಮಾತು ತಪ್ಪಾಯಿತು ಎಂದು ಅವನು ಹೇಳಿದ್ದನ್ನು ಹತ್ತಿರ ಇದ್ದವರು ಕೇಳಿದ್ದಾರೆ. ಉಸ್ತಾದರು ದಾದಾಪೀರನಿಗೆ ಏನೂ ಹೇಳಲಿಲ್ಲ. ಅವನ ಪಕ್ಕದಿಂದಲೇ ಅವರನ್ನು ಹೊತ್ತುಕೊಂಡು ಹೋದರು.

ಆ ದಿನಗಳಲ್ಲಿ ದಾದಾಪೀರ್ ಊಟ ಬಿಟ್ಟ. ಗೆದ್ದವನ ಮನೆಯಲ್ಲಿ ಸತ್ತವರ ಮನೆಯ ಮೌನವಿತ್ತು. ಇನ್ನು ಅವರು ಈ ಜನ್ಮದಲ್ಲಿ ತನ್ನ ಕಡೆ ತಿರುಗುವುದಿಲ್ಲ ಎಂದು ಅವನು ತಾಯಿಯ ಹತ್ತಿರ ಹೇಳಿದ. ತನ್ನ ಭುಜ ಮುರಿದದ್ದಕ್ಕೇ ಅವರು ಎಂಟು ವರ್ಷ ಮಾತು ಬಿಟ್ಟರು. ಈಗ ಮುರಿದದ್ದು ಅವರ ಮೂಳೆ.

ಒಂದು ಮಧ್ಯಾಹ್ನ ಸೆಂಟರಿನ ಮುಂದೆ ಆಟೋ ನಿಂತಿತು. ದ್ಯಾಮಕ್ಕನ ಹೆಗಲು ಹಿಡಿದು ಉಸ್ತಾದರು ಇಳಿದರು. ಕೈಯನ್ನು ಕೊರಳಿಗೆ ಬಟ್ಟೆಯಿಂದ ಕಟ್ಟಿತ್ತು. ಅಸ್ಲಂ ಗಾಬರಿಯಾಗಿ ಹೊಸ ಕಂಪ್ಯೂಟರಿಗೆ ಅಡ್ಡ ನಿಂತ. ಅವರು ಅವನನ್ನು ಬದಿಗೆ ಸರಿಸಿ ಕುರ್ಚಿಯ ಮೇಲೆ ಕೂತು, ಅದನ್ನು ತೋರಿಸಲಿ ಎಂದು ಗೋಡೆಗೆ ಹೇಳಿದರು.

ದಾದಾಪೀರ್ ಪುಟ ತೆರೆದ. ಗೆರೆಗೆರೆಯಾಗಿ ಮೇಲಿನಿಂದ ಇಳಿಯಿತು. ಮೌನೇಶನ ತಲೆ, ಎದೆ, ತೊಡೆ. ಬಲಕ್ಕೆ ಕೆಂಪು. ಪ್ರಿಂಟಿನ ಬೋಳು ಬಿಳಿಯನ್ನಷ್ಟೇ ಕಂಡಿದ್ದ ಉಸ್ತಾದರು ಕುತ್ತಿಗೆ ಮುಂದೆ ಚಾಚಿದರು. ಆ ಕೆಂಪನ್ನು ಬೆರಳಿನಿಂದ ಮುಟ್ಟಿ ಬೆರಳು ನೋಡಿಕೊಂಡರು.

"ಮಟ್ಟಿ," ಎಂದರು.

"ಹೌದ್ರಿ ಉಸ್ತಾದ್ರ. ಕುಸ್ತಿ ಇನ್ನೂ ಶುರು ಆಗಿಲ್ಲ. ಯಾರು ಇಳೀತಾರ ಅಂತ ನೋಡೋರು ಕೇಳ್ಲಿ ಅಂತ ಬಿಟ್ಟೆ."

ಅವರು ಪುಟವನ್ನು ಮೇಲಿಂದ ಕೆಳಗೆ ನೋಡಿದರು. ಒಳ್ಳೆಯದಾಗಿದೆ ಎಂದು ಹೇಳಲಿಲ್ಲ. ಕ್ಷಮೆಯ ಮಾತೂ ಬರಲಿಲ್ಲ. ಕುರ್ಚಿ ತಿರುಗಿಸಿ, ಎಂಟು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದರು.

"ಎಡಗಾಲು ತಡಾ ಮಾಡಿದಿ," ಎಂದರು. "ತಿರುಗೂಕಿಂತ ಮುಂಚೆ ಕಾಲು ಒಳಗ ಬರಬೇಕಿತ್ತು. ಬಂದಿದ್ರ ನಾ ಮೆತ್ತಗ ಬೀಳ್ತಿದ್ದೆ, ಎಲುಬು ಉಳೀತಿತ್ತು. ಲೇ ಕತ್ತೆ, ಇಷ್ಟು ವರ್ಷ ಏನು ಕಲ್ತಿ ನೀನು?"

ದ್ಯಾಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಉಸ್ತಾದರು ಕಂಪ್ಯೂಟರಿನ ಗಾಜಿನ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ಕೆಳಗಿನ ಸಾಲಿನ ಮೇಲೆ ಬೆರಳು ಇಟ್ಟರು.

"ಮತ್ತ ಈ ನಂಬರು. ಇರುವಿ ಹರಿದಂಗ ಬರ್ದೀಯಲ್ಲೋ. ಇಷ್ಟು ಮಟ್ಟಿ ಬಿಟ್ಟೀಯಂತ, ನಂಬರ್ ಮಾತ್ರ ಮೂಲ್ಯಾಗ ಕುಂದ್ರಿಸೀದಿ. ನನ್ನಂಥ ಮುದುಕ ಫೋನ್ ಮಾಡಬೇಕಂದ್ರ ಹೆಂಗ ಓದ್ಲಿ? ದೊಡ್ಡದು ಮಾಡು."

ಅವನು ಕೂತು ದೊಡ್ಡದು ಮಾಡಿದ. ಸಾಲದು ಎಂದರು. ಇನ್ನಷ್ಟು ಮಾಡಿದ. ಅವರು ಎದ್ದು ಬಾಗಿಲ ತನಕ ಹಿಂದೆ ನಡೆದು, ಹೊಸ್ತಿಲ ಮೇಲೆ ನಿಂತು, ನಂಬರನ್ನು ಒಂದೊಂದೇ ಅಂಕಿಯಾಗಿ ಜೋರಾಗಿ ಓದಿದರು. ನಡುವೆ ಒಂದು ಕಡೆ ತಡವರಿಸಿ ನಿಂತು ಮತ್ತೆ ಬೈದರು. ದಾದಾಪೀರ್ ಕಣ್ಣು ಒರೆಸಿಕೊಂಡು ಆ ಅಂಕಿಗಳ ನಡುವೆ ಜಾಗ ಬಿಡತೊಡಗಿದ.